ಮ್ಯಾಕ್‌ಓಎಸ್ ಬೂಟ್ ಆಯ್ತು, ಬ್ಯಾಟರಿ ಐಕಾನ್ ಎಲ್ಲಿ ಹೋಯ್ತು?

ಪ್ರಶ್ನೆ: ಇಂಟೆಲ್ 8ನೇ ತಲೆಮಾರಿನ ಪ್ರೊಸೆಸರ್ ಇರುವ ನನ್ನ ಲ್ಯಾಪ್‌ಟಾಪ್‌ಗೆ ಓಪನ್‌ಕೋರ್ (ಆಪಲ್ ಅಲ್ಲದ ಕಂಪ್ಯೂಟರ್‌ನಲ್ಲಿ ಮ್ಯಾಕ್‌ಓಎಸ್ ಬೂಟ್ ಮಾಡಿಸುವ ತಂತ್ರಾಂಶ) ಬಳಸಿ ಮ್ಯಾಕ್‌ಓಎಸ್ ಹಾಕಿಕೊಂಡಿದ್ದೇನೆ. ಡೆಸ್ಕ್‌ಟಾಪ್ ತನಕ ಬರುತ್ತದೆ. ಆದರೆ ಬ್ಯಾಟರಿ ಐಕಾನ್ ಇಲ್ಲ, ಟಚ್‌ಪ್ಯಾಡ್ ಮೇಲೆ ಬೆರಳಾಡಿಸಿದರೆ ಕರ್ಸರ್ ಅಲುಗಾಡುವುದಿಲ್ಲ, ಬ್ರೈಟ್‌ನೆಸ್ ಕೀ ಒತ್ತಿದರೂ ಏನೂ ಆಗುವುದಿಲ್ಲ. ಮುಚ್ಚಳ ಮುಚ್ಚಿ ತೆರೆದರೆ ಪರದೆ ಕಪ್ಪಾಗಿಯೇ ಇರುತ್ತದೆ. ಇದೇ ಮಾಡೆಲ್‌ಗೆ ಬೇರೊಬ್ಬರು ಮಾಡಿದ, ಓಪನ್‌ಕೋರ್ ಫೈಲ್‌ಗಳೆಲ್ಲ ಇರುವ ಇಎಫ್‌ಐ ಫೋಲ್ಡರ್ ಸಿಕ್ಕಿದೆ. ಅದನ್ನೇ ಹಾಕಿಬಿಡಲಾ?

ಉತ್ತರ: ಬೇಡ. ಮಾಡೆಲ್ ಹೆಸರು ಒಂದೇ ಇದ್ದರೂ ಒಳಗಿನ ಟಚ್‌ಪ್ಯಾಡ್, ವೈಫೈ ಕಾರ್ಡ್, ಬಯಾಸ್ ಆವೃತ್ತಿ ಬೇರೆ ಇರಬಹುದು. ಸಾಲದ್ದಕ್ಕೆ ಆ ಫೋಲ್ಡರ್‌ನಲ್ಲಿ ಅವರ ಸೀರಿಯಲ್ ನಂಬರ್ ಕೂತಿದ್ದರೆ ನಿಮ್ಮ ಐಮೆಸೇಜ್‌ಗೂ ತೊಂದರೆ. ಸುಳಿವಿಗಾಗಿ ತೆರೆದು ನೋಡಿ, ಅಷ್ಟೇ. ಇನ್ನೊಂದು ಮಾತು: ಆಪಲ್‌ನ ಲೈಸೆನ್ಸ್ ಪ್ರಕಾರ ಮ್ಯಾಕ್‌ಓಎಸ್ ಇರುವುದು ಆಪಲ್ ಕಂಪ್ಯೂಟರ್‌ಗಳಿಗೆ ಮಾತ್ರ. ಅದು ಗೊತ್ತಿದ್ದೇ ಕೈ ಹಾಕಿದ್ದೀರಿ ಅಂದುಕೊಳ್ಳುತ್ತೇನೆ.

ಈಗ ಬೂಟ್ ಆಗುತ್ತಿರುವ ಇಎಫ್‌ಐ ಫೋಲ್ಡರನ್ನು ಮೊದಲು ಒಂದು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಆಮೇಲೆ ಒಂದೊಂದೇ ಸರಿಮಾಡಿ, ಪ್ರತಿ ಸಲವೂ ರೀಸ್ಟಾರ್ಟ್ ಮಾಡಿ ನೋಡಿ. ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೈಕೊಟ್ಟಿತು ಅಂತ ಗೊತ್ತೇ ಆಗುವುದಿಲ್ಲ.

ಬ್ಯಾಟರಿಯಿಂದ ಶುರುಮಾಡೋಣ. ಲಿಲು, ವರ್ಚುವಲ್‌ಎಸ್‌ಎಂಸಿ, ಅದರ ಜೊತೆಗೇ ಸಿಗುವ ಎಸ್‌ಎಂಸಿ ಬ್ಯಾಟರಿ ಮ್ಯಾನೇಜರ್, ಈ ಮೂರು ಕೆಕ್ಸ್ಟ್‌ಗಳು (ಮ್ಯಾಕ್‌ಓಎಸ್‌ಗೆ ಡ್ರೈವರ್‌ನಂತೆ ಕೆಲಸ ಮಾಡುವ ಫೈಲ್‌ಗಳು) ಇದೇ ಕ್ರಮದಲ್ಲಿ ಇರಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ: ಕೆಕ್ಸ್ಟನ್ನು ಫೋಲ್ಡರ್‌ಗೆ ಹಾಕಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಓಪನ್‌ಕೋರ್ ಹಾಗೆ ಸುಮ್ನೆ ಫೋಲ್ಡರ್ ನೋಡಿ ಲೋಡ್ ಮಾಡುವುದಿಲ್ಲ. ಅದರ ಸೆಟ್ಟಿಂಗ್ ಫೈಲ್ ಆದ ಕಾನ್ಫಿಗ್ ಪಿಲಿಸ್ಟ್‌ನ ಕರ್ನಲ್ ಭಾಗದಲ್ಲಿ ಕೆಕ್ಸ್ಟ್‌ನ ಹೆಸರು ಬರೆದಿರಬೇಕು. ಆ ಫೈಲ್ ತಿದ್ದುವ ತಂತ್ರಾಂಶ ಪ್ರಾಪರ್‌ಟ್ರೀಯಲ್ಲಿ ಓಸಿ ಸ್ನ್ಯಾಪ್‌ಶಾಟ್ ಒತ್ತಿದರೆ ಅದೇ ಬರೆದುಕೊಳ್ಳುತ್ತದೆ.

ಅಷ್ಟಾದರೂ ಐಕಾನ್ ಬರದಿದ್ದರೆ, ಅಥವಾ ಬಂದು ಶೇಕಡಾ 0 ತೋರಿಸಿದರೆ, ತಪ್ಪು ಬೇರೆಡೆ ಇದೆ. ಬ್ಯಾಟರಿ ಲೆಕ್ಕ ಇರುವುದು ಮದರ್‌ಬೋರ್ಡ್‌ನ ಎಂಬೆಡೆಡ್ ಕಂಟ್ರೋಲರ್ ಎಂಬ ಚಿಪ್‌ನಲ್ಲಿ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಆ ಲೆಕ್ಕ 16 ಬಿಟ್ ಅಥವಾ ಇನ್ನೂ ಅಗಲದ ತುಂಡುಗಳಲ್ಲಿ ಇರುತ್ತದೆ. ಮ್ಯಾಕ್‌ಓಎಸ್ ಅಲ್ಲಿಂದ ಒಂದು ಸಲಕ್ಕೆ 8 ಬಿಟ್ ಮಾತ್ರ ಓದಬಲ್ಲದು. ಹಿಂದೆಲ್ಲ ಡಿಎಸ್‌ಡಿಟಿ ಫೈಲ್ (ಹಾರ್ಡ್‌ವೇರ್ ಬಗ್ಗೆ ಬಯಾಸ್ ಕೊಡುವ ವಿವರ) ತೆರೆದು ಪ್ರತಿ ತುಂಡನ್ನೂ ಕೈಯಾರೆ 8 ಬಿಟ್‌ಗೆ ಕತ್ತರಿಸಬೇಕಿತ್ತು. ಒಂದು ಭಾನುವಾರ ಪೂರ್ತಿ ಅದಕ್ಕೇ ಕಳೆದದ್ದು ನನಗೆ ಚೆನ್ನಾಗಿ ನೆನಪಿದೆ. ಈಗ ಇಸಿ ಎನೇಬ್ಲರ್ ಅಂತ ಒಂದು ಪುಟ್ಟ ಕೆಕ್ಸ್ಟ್ ಆ ಕೆಲಸ ಮಾಡುತ್ತದೆ. ಅದನ್ನು ಸೇರಿಸಿ ನೋಡಿ.

ಟಚ್‌ಪ್ಯಾಡ್‌ಗೆ ಯಾವ ಕೆಕ್ಸ್ಟ್ ಅಂತ ಊಹಿಸಬೇಡಿ. ವಿಂಡೋಸ್ ಇನ್ನೂ ಇದ್ದರೆ ಡಿವೈಸ್ ಮ್ಯಾನೇಜರ್ ತೆರೆದು ಟಚ್‌ಪ್ಯಾಡ್ ಯಾವ ಬಗೆಯ ಸಂಪರ್ಕದಲ್ಲಿದೆ, ಐ2ಸಿಯೋ ಪಿಎಸ್/2ವೋ, ನೋಡಿ. ಐ2ಸಿ ಎಚ್‌ಐಡಿ ಡಿವೈಸ್ ಅಂತ ಕಂಡರೆ ವೂಡೂ ಐ2ಸಿ, ಜೊತೆಗೆ ಅದರ ಎಚ್‌ಐಡಿ ಕೆಕ್ಸ್ಟ್ ಬೇಕು. ಪಿಎಸ್/2 ಅಂತ ಇದ್ದರೆ ವೂಡೂ ಪಿಎಸ್2 ಸಾಕು. ಟಚ್‌ಪ್ಯಾಡ್ ಐ2ಸಿ ಆದರೂ ಕೀಬೋರ್ಡ್ ಸಾಮಾನ್ಯವಾಗಿ ಪಿಎಸ್/2 ಇರುತ್ತದೆ. ಹಾಗಾಗಿ ಎರಡೂ ಇರಲಿ, ಆದರೆ ಎರಡರ ಒಳಗೂ ಬರುವ ವೂಡೂ ಇನ್‌ಪುಟ್ ಕೆಕ್ಸ್ಟ್‌ನ ಎರಡು ಪ್ರತಿಗಳಲ್ಲಿ ಒಂದನ್ನು ಮಾತ್ರ ಆನ್ ಇಡಿ. ಆಗಲೂ ಕರ್ಸರ್ ಸತ್ತಂತೆ ಇದ್ದರೆ ಬೂಟ್ ಆರ್ಗ್ಯುಮೆಂಟ್‌ನಲ್ಲಿ (ಬೂಟ್ ಆಗುವಾಗ ಕೊಡುವ ಸೂಚನೆ) ಪೋಲಿಂಗ್ ಮೋಡ್, ಅಂದರೆ ಟಚ್‌ಪ್ಯಾಡನ್ನು ಪದೇ ಪದೇ ವಿಚಾರಿಸುವ ವಿಧಾನ, ಒತ್ತಾಯಿಸಿ ನೋಡಿ. ಕರ್ಸರ್ ಓಡಿದರೆ, ಕೆಕ್ಸ್ಟ್ ಸರಿಯಿದೆ, ಇಂಟರಪ್ಟ್‌ನಲ್ಲಿ (ಟಚ್‌ಪ್ಯಾಡ್ ತಾನೇ ಕಳಿಸುವ ಸಂಕೇತ) ಎಡವಟ್ಟಿದೆ ಅಂತ ಅರ್ಥ.

ಬ್ರೈಟ್‌ನೆಸ್ ಸುಲಭ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಸ್ಲೈಡರ್ ಇದೆಯಾ? ಇಲ್ಲದಿದ್ದರೆ ಎಸ್‌ಎಸ್‌ಡಿಟಿ-ಪಿಎನ್‌ಎಲ್‌ಎಫ್ (ಎಸ್‌ಎಸ್‌ಡಿಟಿ ಅಂದರೆ ಡಿಎಸ್‌ಡಿಟಿಗೆ ಪೂರಕವಾಗಿ ಸೇರಿಸುವ ಪುಟ್ಟ ಫೈಲ್) ಮತ್ತು ವಾಟೆವರ್‌ಗ್ರೀನ್ ಕೆಕ್ಸ್ಟ್ ಬೇಕು. ಸ್ಲೈಡರ್ ಇದ್ದು ಕೀ ಮಾತ್ರ ಕೆಲಸ ಮಾಡದಿದ್ದರೆ ಬ್ರೈಟ್‌ನೆಸ್ ಕೀಸ್ ಕೆಕ್ಸ್ಟ್ ಹಾಕಿ.

ಮುಚ್ಚಳ ತೆರೆದರೂ ಪರದೆ ಕಪ್ಪಾಗಿರುವ ನಿದ್ದೆಯ (ಸ್ಲೀಪ್) ಸಮಸ್ಯೆಯನ್ನು ಕೊನೆಗೆ ಇಟ್ಟುಕೊಳ್ಳಿ, ಅದೇ ಜಾಸ್ತಿ ಕಾಡುವುದು. ಯುಎಸ್‌ಬಿ ಮ್ಯಾಪ್ ಮಾಡಿದ್ದೀರಾ, ಅಂದರೆ ಯಾವ ಪೋರ್ಟ್ ಯಾವ ಬಗೆಯದು ಅಂತ ಮ್ಯಾಕ್‌ಓಎಸ್‌ಗೆ ತಿಳಿಸಿದ್ದೀರಾ? ಒಂದು ಕಂಟ್ರೋಲರ್‌ಗೆ 15 ಪೋರ್ಟ್ ಮಿತಿ ಇದೆ. ವೆಬ್‌ಕ್ಯಾಮ್ ಮತ್ತು ಬ್ಲೂಟೂತ್ ಪೋರ್ಟ್‌ಗಳನ್ನು ಒಳಗಿನವು ಎಂದು, ಅಂದರೆ 255 ಎಂದು ಗುರುತು ಮಾಡಿ. ಹಾಗೆ ಮಾಡದಿದ್ದರೆ ಎಚ್ಚರವಾಗುವಾಗ ತಕರಾರು ಬರುವುದು ಮಾಮೂಲು. ಹೈಬರ್ನೇಟ್ ಮೋಡನ್ನು (ನಿದ್ದೆಗೆ ಹೋಗುವಾಗ ಮೆಮೊರಿಯನ್ನು ಡಿಸ್ಕ್‌ಗೆ ಬರೆದಿಡುವ ಸೆಟ್ಟಿಂಗ್) ಟರ್ಮಿನಲ್‌ನಲ್ಲಿ 0 ಮಾಡಿ.

ಇಂಟೆಲ್ ಗ್ರಾಫಿಕ್ಸ್ ಜೊತೆ ಎನ್‌ವಿಡಿಯಾ ಚಿಪ್ ಕೂಡ ಇದ್ದರೆ ಅದರ ಆಸೆ ಬಿಡಿ. ಎಸ್‌ಎಸ್‌ಡಿಟಿಯಿಂದ ಅದರ ಕರೆಂಟನ್ನೇ ಕಡಿದುಬಿಡಿ. ಇಲ್ಲದಿದ್ದರೆ ಏನೂ ಕೆಲಸವಿಲ್ಲದೆ ಬ್ಯಾಟರಿ ತಿನ್ನುತ್ತಿರುತ್ತದೆ, ನಿದ್ದೆಯನ್ನೂ ಕೆಡಿಸುತ್ತದೆ. ಬೆರಳಚ್ಚು ರೀಡರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಅದು ಕೆಲಸ ಮಾಡುವುದಿಲ್ಲ. ಅದರ ಮೇಲೆ ಸಂಜೆಗಳನ್ನು ಕಳೆಯಬೇಡಿ.