ಮೊದಲು ಬ್ರೇಕ್, ಆಮೇಲೆ ಸ್ಟಾರ್ಟ್: 20 ವರ್ಷ ನಿಂತ ಬೆಡ್‌ಫೋರ್ಡ್ ಬಗ್ಗೆ

ಅಜ್ಜನ ಬೆಡ್‌ಫೋರ್ಡ್ ಲಾರಿ 20 ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ, ಹೊಸ ಬ್ಯಾಟರಿ ತಂದಿದ್ದೇನೆ, ಈ ಭಾನುವಾರ ಸ್ಟಾರ್ಟ್ ಮಾಡಿ ಒಂದು ಸುತ್ತು ಹೋಗಬಹುದಾ ಅಂತ ನಮ್ಮ ಹಳೆ ಲಾರಿಗಳ ಗುಂಪಿನಲ್ಲಿ ಕೇಳಿದ್ದೀರಿ. ಫೋಟೋ ನೋಡಿ ತುಂಬಾ ಖುಷಿಯಾಯಿತು. ಮಡ್‌ಗಾರ್ಡ್, ಬಾನೆಟ್ ಎಲ್ಲಾ ಹಾಗೇ ಉಳಿದಿವೆ. ಆದರೆ ಈ ಭಾನುವಾರ ಬೇಡ. ಇಷ್ಟು ವರ್ಷ ಕಾದ ಗಾಡಿ ಇನ್ನೊಂದೆರಡು ತಿಂಗಳು ಕಾಯುತ್ತದೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾನು ಒಮ್ಮೆ ಇದೇ ತಪ್ಪು ಮಾಡಿದ್ದೇನೆ. ವರ್ಷಗಟ್ಟಲೆ ನಿಂತಿದ್ದ ಲಾರಿಯ ಎಂಜಿನ್ ಮೊದಲ ದಿನವೇ ಹತ್ತಿಕೊಂಡಿತು. ಆ ಸಂಭ್ರಮದಲ್ಲಿ ಗೇರಿಗೆ ಹಾಕಿ ಹೊರಗೆ ತಂದೆ. ಬ್ರೇಕ್ ಪೆಡಲ್ ಎರಡು ಸಲ ಗಟ್ಟಿಯಾಗಿ ನಿಂತಿತು, ಮೂರನೇ ಸಲ ಸೀದಾ ನೆಲಕ್ಕೆ ಹೋಯಿತು. ಲಾರಿ ಗೋಡೆಗೆ ಹೊಡೆದು ನಿಂತಿತು. ಆ ಗೋಡೆಯ ಮುಂದೆ ಒಂದು ನಿಮಿಷದ ಹಿಂದೆ ಮಕ್ಕಳು ನಿಂತಿದ್ದರು. ಅವತ್ತಿನಿಂದ ನನಗೆ ಒಂದೇ ಲೆಕ್ಕ: ನಿಲ್ಲಿಸುವುದು ಸರಿಯಾಗದೆ ಓಡಿಸುವುದಿಲ್ಲ.

ನಿಮ್ಮದು ಯಾವ ಮಾಡೆಲ್ ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. ಗುಂಡು ಮೂತಿ, ಅದರ ಮೇಲಿನ ಗ್ರಿಲ್ ನೋಡಿದರೆ ಇದು ಓ ಸೀರೀಸ್. 1939ರಲ್ಲಿ ಬಂತು, 1953ರಲ್ಲಿ ಎ ಟೈಪ್ ಬರುವವರೆಗೂ ತಯಾರಾಯಿತು. ಬೆಡ್‌ಫೋರ್ಡ್ ಅನ್ನೋ ಹೆಸರು ಶುರುವಾದದ್ದು 1931ರಲ್ಲಿ, ಇಂಗ್ಲೆಂಡಿನ ಲೂಟನ್‌ನಲ್ಲಿ. ಬೆಡ್‌ಫೋರ್ಡ್ ಮಾಡುತ್ತಿದ್ದ ವಾಕ್ಸ್‌ಹಾಲ್ ಕಂಪನಿಯನ್ನು ಜನರಲ್ ಮೋಟರ್ಸ್ 1925ರಲ್ಲೇ ಕೊಂಡಿತ್ತು, ಬೆಡ್‌ಫೋರ್ಡ್ ಹೆಸರು ಬರುವ ಮೊದಲು ಅವರು ಅಲ್ಲಿ ತಮ್ಮದೇ ಷೆವರ್ಲೆ ಲಾರಿಗಳನ್ನು ಜೋಡಿಸುತ್ತಿದ್ದರು. ಹಾಗಾಗಿ ಬೆಡ್‌ಫೋರ್ಡ್ ಮೈಯಲ್ಲಿ ಷೆವರ್ಲೆ ರಕ್ತ ಇದೆ. ಇಲ್ಲಿರುವ ಷೆವರ್ಲೆ ಪ್ರೇಮಿಗಳು ಈಗ ಮೀಸೆ ತಿರುವಬಹುದು!

ಮೂತಿ ಚಪ್ಪಟೆ ಇದ್ದರೆ ಮಿಲಿಟರಿ ಗಾಡಿ ಅಂತ ಹಿಂದೆ ಒಬ್ಬರು ಬರೆದಿದ್ದರು. ಮುಕ್ಕಾಲು ಪಾಲು ಸರಿ. ಎರಡನೇ ಮಹಾಯುದ್ಧದಲ್ಲಿ ಸೇನೆಗೆ ಅಂತ ಸುಮಾರು 2,50,000 ಬೆಡ್‌ಫೋರ್ಡ್‌ಗಳು ತಯಾರಾದವು, ಅವುಗಳಲ್ಲಿ ಹೆಚ್ಚಿನವಕ್ಕೆ ಚಪ್ಪಟೆ ಬಾನೆಟ್. ಆದರೆ ಅದೇ ಯುದ್ಧದ ಕಾಲದಲ್ಲಿ ಸಾಮಾನ್ಯ ಸಾಗಣೆಗೆ ಕೊಟ್ಟ ಓಡಬ್ಲ್ಯೂ ಮಾಡೆಲ್‌ಗೂ ಅದೇ ಚಪ್ಪಟೆ ಮೂತಿ ಇತ್ತು. ಬರೀ ಮೂತಿ ನೋಡಿ ಸೇನೆಯ ಬಣ್ಣ ಬಳಿಯಬೇಡಿ.

ನಿಮ್ಮ ಎಂಜಿನ್ ಮೂಲದ್ದೇ ಆಗಿದ್ದರೆ ಆರು ಸಿಲಿಂಡರ್ ಪೆಟ್ರೋಲ್, 3,519 ಸಿಸಿ, 72 ಅಶ್ವಶಕ್ತಿ. ತುಂಬಾ ಲಾರಿಗಳಿಗೆ ಆಮೇಲೆ ಪರ್ಕಿನ್ಸ್ ಪಿ6 ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ಬಾನೆಟ್ ಎತ್ತಿ ನೋಡಿ, ಸ್ಪಾರ್ಕ್ ಪ್ಲಗ್ ಇದೆಯಾ ಇಲ್ವಾ. ಇದ್ದರೆ ಪೆಟ್ರೋಲ್, ಇಲ್ಲದಿದ್ದರೆ ಡೀಸೆಲ್. ಡೀಸೆಲ್ ಇದ್ದರೆ ತಿಳಿಸಿ, ಅದಕ್ಕೆ ಬೇರೆ ಬರೆಯುತ್ತೇನೆ. ಕೆಳಗಿನದು ಪೆಟ್ರೋಲ್ ಎಂಜಿನ್‌ಗೆ.

ಈಗ ಬ್ರೇಕ್. ಆ ಕಾಲದ ಲಾರಿಗಳಲ್ಲಿ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನಿಂದ ನಾಲ್ಕೂ ಚಕ್ರಕ್ಕೆ ಒಂದೇ ದಾರಿ. ಈಗಿನ ಗಾಡಿಗಳ ಹಾಗೆ ಎರಡು ಬೇರೆ ಬೇರೆ ಲೈನ್ ಇಲ್ಲ. ಎಲ್ಲಾದರೂ ಒಂದು ಕಡೆ ಸೋರಿದರೆ ಪೂರ್ತಿ ಬ್ರೇಕ್ ಹೋಯಿತು. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ. ಆ ನೀರು ಇಷ್ಟು ವರ್ಷ, ಚಕ್ರದ ಹತ್ತಿರ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಒಳಗೆ ಕೂತು ತುಕ್ಕು ಹಿಡಿಸಿರುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಹೊಸ ಆಯಿಲ್ ಹಾಕಿ ನಾಲ್ಕು ಸಲ ಪೆಡಲ್ ಒತ್ತಿದಾಗ ಒಳಗಿನ ರಬ್ಬರ್ ವಾಷರ್ ಆ ತುಕ್ಕಿನ ಮೇಲೆ ಉಜ್ಜಿ ಹರಿಯುತ್ತದೆ. ನನಗೆ ಆಗಿದ್ದು ಅದೇ.

ಹಾಗಾಗಿ ನಾಲ್ಕೂ ಬ್ರೇಕ್ ಡ್ರಮ್ ಬಿಚ್ಚಿ. ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ, ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಆಗಿನ ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಅಪಾಯ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಿ. ರಬ್ಬರ್ ಹೋಸ್‌ಗಳನ್ನು ನೋಡದೆಯೇ ಬದಲಿಸಿ. ಹಳೆ ಹೋಸ್ ಒಳಗೊಳಗೇ ಊದಿಕೊಳ್ಳುತ್ತದೆ. ಒತ್ತಿದಾಗ ಆಯಿಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ, ಚಕ್ರ ಹಿಡಿದುಕೊಳ್ಳುತ್ತದೆ. ಬ್ರೇಕ್ ಭಾಗಗಳನ್ನು ಪೆಟ್ರೋಲ್, ಡೀಸೆಲ್‌ನಲ್ಲಿ ತೊಳೆಯಬೇಡಿ, ರಬ್ಬರ್ ಹಾಳಾಗುತ್ತದೆ. ಸ್ಪಿರಿಟ್ ಅಥವಾ ಬ್ರೇಕ್ ಆಯಿಲ್‌ನಲ್ಲೇ ತೊಳೆಯಿರಿ. ಡಾಟ್ ಅನ್ನೋದು ಬ್ರೇಕ್ ಆಯಿಲ್ ದರ್ಜೆ. ಡಾಟ್ 5 ಸಿಲಿಕೋನ್ ಆಯಿಲನ್ನು ಡಾಟ್ 3 ಅಥವಾ 4ರ ಜೊತೆ ಬೆರೆಸಲೇಬಾರದು.

ಚಕ್ರದ ವಿಷಯ ಇದಕ್ಕಿಂತ ಗಂಭೀರ. ನಿಮ್ಮ ಫೋಟೋದಲ್ಲಿ ರಿಮ್ ಅಂಚಿನಲ್ಲಿ ಒಂದು ಬೇರೆ ರಿಂಗ್ ಕಾಣುತ್ತಿದೆ. ಅದು ಟೈರನ್ನು ರಿಮ್ ಮೇಲೆ ಹಿಡಿದಿಡುವ ಲಾಕ್ ರಿಂಗ್. ತುಕ್ಕು ಹಿಡಿದ ರಿಂಗ್ ಸರಿಯಾಗಿ ಕೂರದಿದ್ದರೆ ಗಾಳಿ ತುಂಬುವಾಗ ಸಿಡಿದು ಹಾರುತ್ತದೆ. ಜನ ಸತ್ತಿದ್ದಾರೆ. ಇದನ್ನು ನೀವೇ ಮಾಡಬೇಡಿ, ಹಳೆ ಲಾರಿ ಟೈರ್ ಗೊತ್ತಿರುವ, ಕಬ್ಬಿಣದ ಪಂಜರದೊಳಗೆ ಇಟ್ಟು ಗಾಳಿ ತುಂಬುವವರ ಹತ್ತಿರ ಕೊಡಿ. ಚಕ್ರ ಕಳಚುವ ಮೊದಲೇ ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ರಿಂಗ್ ಮೇಲೆ ಸುತ್ತಿಗೆ ಏಟು ಬೇಡ.

ಇದೆಲ್ಲಾ ಆದ ಮೇಲೆ ಎಂಜಿನ್. ಇದು ಸಂತೋಷದ ಕೆಲಸ, ನಿಧಾನವಾಗಿ ಮಾಡಿ. ಪ್ಲಗ್‌ಗಳನ್ನು ಬಿಚ್ಚಿ ಪ್ರತಿ ಸಿಲಿಂಡರ್‌ಗೂ ಎರಡು ಚಮಚ ತೆಳು ಆಯಿಲ್ ಬಿಡಿ. ಎರಡು ಮೂರು ದಿನ ಹಾಗೇ ಇರಲಿ. ಆಮೇಲೆ ಗೇರ್ ನ್ಯೂಟ್ರಲ್ ಮಾಡಿ ಮುಂದಿನ ಹ್ಯಾಂಡಲ್ ಹಾಕಿ ಕೈಯಲ್ಲಿ ತಿರುಗಿಸಿ. ಹೆಬ್ಬೆರಳನ್ನು ಹ್ಯಾಂಡಲ್ ಸುತ್ತ ಹಾಕಬೇಡಿ, ಉಳಿದ ಬೆರಳುಗಳ ಕಡೆಗೇ ಇಡಿ. ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಈಗ ಪ್ಲಗ್ ಇಲ್ಲದ್ದರಿಂದ ಭಯ ಇಲ್ಲ, ಆದರೆ ಅಭ್ಯಾಸ ಇವತ್ತೇ ಆಗಲಿ. ಮುಂದೆ ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತದೆ. ತಿರುಗದಿದ್ದರೆ ಇನ್ನೊಂದು ಗಾಡಿಗೆ ಕಟ್ಟಿ ಎಳೆಸಬೇಡಿ. ಇನ್ನಷ್ಟು ಆಯಿಲ್, ಇನ್ನಷ್ಟು ದಿನ.

ಸುಲಭವಾಗಿ ತಿರುಗಿತಾ? ಹಾಗಿದ್ದರೆ ಆಯಿಲ್ ಚೇಂಬರ್ ಇಳಿಸಿ ತಳದ ಕೆಸರು ತೆಗೆಯಿರಿ. ಈಗಿನ ಆಯಿಲ್ ಹಳೆ ಕೆಸರನ್ನು ಕರಗಿಸಿ ಎಬ್ಬಿಸುತ್ತದೆ, ಅದು ಹೋಗಿ ಆಯಿಲ್ ದಾರಿ ಮುಚ್ಚಿದರೆ ಬೇರಿಂಗ್ ಹೋಯಿತು. ಹೊಸ ಆಯಿಲ್ ಹಾಕಿ, ಪ್ಲಗ್ ಹಾಕದೆಯೇ ಸೆಲ್ಫ್ ಹೊಡೆಯಿರಿ. ಆಯಿಲ್ ಪ್ರೆಷರ್ ಮುಳ್ಳು ಮೇಲೆದ್ದ ಮೇಲೆಯೇ ಪ್ಲಗ್.

ಆ ಹೊಸ ಬ್ಯಾಟರಿ ಜೋಡಿಸುವ ಮೊದಲು ಒಂದು ನೋಡಿ. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಎಷ್ಟೋ ಸಲ ಬ್ಯಾಟರಿಯ ಪ್ಲಸ್ ತಂತಿಯೇ ಚಾಸಿಸ್‌ಗೆ ಹೋಗುತ್ತದೆ. ಹಳೆ ತಂತಿ ಹೇಗಿದೆಯೋ ಫೋಟೋ ತೆಗೆದುಕೊಳ್ಳಿ. ಎಷ್ಟು ವೋಲ್ಟ್ ಅನ್ನೋದನ್ನೂ ಡೈನಮೋ ಪ್ಲೇಟ್ ಮೇಲೆ ಓದಿ.

ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಈಗ ಅಂಟು. ಅದನ್ನು ಎಂಜಿನ್‌ಗೆ ಬಿಡಬೇಡಿ. ಮೊದಲ ಸ್ಟಾರ್ಟ್‌ಗೆ ಸಣ್ಣ ಕ್ಯಾನಿನಿಂದ ಪಂಪಿಗೆ ಪೈಪ್ ಕೊಡಿ. ಟ್ಯಾಂಕ್ ತೂತಾಗಿದ್ದರೆ ಖಾಲಿ ಇದೆ ಅಂತ ವೆಲ್ಡಿಂಗ್ ಹಚ್ಚಬೇಡಿ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕ್ ಬೇಗ ಸಿಡಿಯುತ್ತದೆ.

ಇನ್ನು ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಹಾಕಿ ಅಂತ ಗುಂಪಿನಲ್ಲಿ ನಿಮಗೆ ಸಲಹೆ ಬಂದಿದೆ. ಡೀಸೆಲ್ ಬಳಗದ ಅಣ್ಣಂದಿರೇ, ನಿಮ್ಮ ಪ್ರೀತಿ ಗೊತ್ತು. 1923ರಲ್ಲೇ ಬೆಂಜ್ ಕಂಪನಿ ಡೀಸೆಲ್ ಲಾರಿ ಮಾಡಿತ್ತು ಅಂತ ನೀವು ಪ್ರತಿ ಸಲ ನೆನಪಿಸುತ್ತೀರಿ. ಆದರೆ ಮೊದಲ ಲಾರಿ ಅದಕ್ಕಿಂತ 27 ವರ್ಷ ಹಿಂದಿನದು. 1896ರ ಆ ಡೈಮ್ಲರ್‌ಗೆ ಎರಡು ಸಿಲಿಂಡರ್, 4 ಅಶ್ವಶಕ್ತಿ, ಹೊರುತ್ತಿದ್ದದ್ದು 1,500 ಕಿಲೋ. ಅದು ಪೆಟ್ರೋಲ್! ಈ ಜಗಳ ಮುಂದುವರಿಯಲಿ, ಆದರೆ ಈ ಬೆಡ್‌ಫೋರ್ಡ್‌ನ ಎಂಜಿನ್ ಮುಟ್ಟುವುದು ಬೇಡ. ಅಜ್ಜ ಕೇಳಿದ್ದ ಶಬ್ದ ಮೊಮ್ಮಗನಿಗೂ ಕೇಳಲಿ.

ಗುಂಪಿನ ನಿಯಮಗಳಲ್ಲಿ ಕೆಲವನ್ನು ನೆನಪಿಸುತ್ತೇನೆ. ಚಾಸಿಸ್ ನಂಬರ್ ಫೋಟೋ ಹಾಕುವಾಗ ಕೊನೆಯ ಅಂಕಿಗಳನ್ನು ಮುಚ್ಚಿ. ನಂಬರ್ ಕದ್ದು ಬೇರೆ ಗಾಡಿಗೆ ಕಾಗದ ಮಾಡುವವರಿದ್ದಾರೆ. ಮತ್ತೆ, ನಂಬರ್ ಇರುವ ಜಾಗವನ್ನು ಗ್ರೈಂಡರ್‌ನಿಂದ ಉಜ್ಜಬೇಡಿ. ವೈರ್ ಬ್ರಷ್ ಸಾಕು. ಆ ನಂಬರ್ ಅಳಿಸಿದರೆ ಗಾಡಿಯ ಗುರುತೇ ಹೋಯಿತು, ಕಾಗದ ಸರಿ ಇದ್ದರೂ ಪ್ರಯೋಜನ ಇಲ್ಲ. ಕಳಚಿದ ಯಾವ ಭಾಗವನ್ನೂ, ಮುರಿದಿದ್ದರೂ, ಎಸೆಯಬೇಡಿ. ಹೊಸದು ಮಾಡಿಸಲು ಅದೇ ಅಳತೆ.

ಮೊದಲು ಮುಂದಿನ ಎಡ ಚಕ್ರದ ಡ್ರಮ್ ಬಿಚ್ಚಿ, ವೀಲ್ ಸಿಲಿಂಡರ್‌ನ ರಬ್ಬರ್ ಮುಚ್ಚಳ ಸರಿಸಿ ಒಳಗಿನ ಫೋಟೋ ಹಾಕಿ. ಒದ್ದೆಯಾಗಿದೆಯಾ, ಒಣಗಿದೆಯಾ, ಪಿಸ್ಟನ್ ಅಲುಗಾಡುತ್ತದೆಯಾ ಅಂತ ಬರೆಯಿರಿ. ಅದನ್ನು ನೋಡಿ ಸಿಲಿಂಡರ್ ಉಳಿಯುತ್ತದಾ, ಬೋರ್ ಮಾಡಿಸಬೇಕಾ, ಅಂದರೆ ಒಳಮೈ ಕೊರೆಸಬೇಕಾ ಹೇಳುತ್ತೇನೆ.