ಪತ್ರಕರ್ತರಾಗಿದ್ದ ರವಿ ಬೆಳಗೆರೆ ಅವರು ಕಾದಂಬರಿಕಾರರಾಗಿಯೂ ಓದುಗರಿಗೆ ಅಷ್ಟು ಹತ್ತಿರವಾದದ್ದು ಹೇಗೆ?

ರವಿ ಬೆಳಗೆರೆ ಅವರು 1958ರಲ್ಲಿ ನಮ್ಮ ಬಳ್ಳಾರಿಯಲ್ಲಿ ಹುಟ್ಟಿದವರು. ಇತಿಹಾಸ ಓದಿ, ಕೆಲಕಾಲ ಉಪನ್ಯಾಸಕರಾಗಿದ್ದು, ನಂತರ ಪತ್ರಿಕಾವೃತ್ತಿಯಲ್ಲಿ ನೆಲೆ ನಿಂತು, 1995ರಲ್ಲಿ ‘ಹಾಯ್ ಬೆಂಗಳೂರ್’ ವಾರಪತ್ರಿಕೆಯನ್ನು ಆರಂಭಿಸಿದರು.

ಅವರ ಜನಪ್ರಿಯತೆಯ ಬೇರು, ನನ್ನ ದೃಷ್ಟಿಯಲ್ಲಿ, ಅವರು ಓದುಗರೊಡನೆ ಮಾತಾಡಿದ ರೀತಿಯಲ್ಲಿದೆ. ಅಪರಾಧ ಮತ್ತು ರಾಜಕೀಯ ವರದಿಗಳಿಗೆ ಹೆಸರಾದ ಅದೇ ಪತ್ರಿಕೆಯ ಅಂಕಣಗಳಲ್ಲಿ ಅವರು ತಮ್ಮ ತಾಯಿ, ಬಳ್ಳಾರಿಯ ದಿನಗಳು, ಬಡತನ ಮತ್ತು ಸೋಲುಗಳನ್ನು ಆಪ್ತರಿಗೆ ಕಾಗದ ಬರೆದಷ್ಟು ಸಲಿಗೆಯಿಂದ ಬರೆಯುತ್ತಿದ್ದರು. ಓದುಗರು ಕಳುಹಿಸಿದ ಪ್ರಶ್ನೆಗಳಿಗೂ ಉತ್ತರಿಸುತ್ತಿದ್ದರು. ಹೀಗಾಗಿ ಕಾದಂಬರಿ ಕೈಗೆ ಬರುವ ಮೊದಲೇ ಲೇಖಕರು ಪರಿಚಿತರಾಗಿರುತ್ತಿದ್ದರು. ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ಪತ್ರಿಕೆ ಕೊಂಡು, ಊರು ಮುಟ್ಟುವುದರೊಳಗೆ ಮೊದಲು ಆ ಅಂಕಣವನ್ನೇ ಓದಿ ಮುಗಿಸುತ್ತಿದ್ದವರಲ್ಲಿ ನಾನೂ ಒಬ್ಬ.

ವರದಿಗಾರಿಕೆಯಲ್ಲಿ ಪಳಗಿದ ಚಿಕ್ಕ ವಾಕ್ಯ, ಆಡುಮಾತಿನ ಲಯ ಮತ್ತು ಮುಂದೇನು ಎಂಬ ಕುತೂಹಲವನ್ನು ಉಳಿಸಿಕೊಳ್ಳುವ ಕೌಶಲ ಅವರ ಕಾದಂಬರಿಗಳಲ್ಲಿಯೂ ಇವೆ. ಕೆಲವೆಡೆ ಭಾವುಕತೆ ಅತಿಯಾಯಿತೆಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಪುಸ್ತಕವನ್ನೇ ಮುಟ್ಟದಿದ್ದ ಅನೇಕ ತರುಣರು ಕನ್ನಡ ಓದಿಗೆ ಬಂದದ್ದು ಅವರಿಂದಲೇ ಎಂಬುದನ್ನು ನನ್ನ ಓರಗೆಯವರಲ್ಲೇ ಕಂಡಿದ್ದೇನೆ. ‘ಓ ಮನಸೇ’ ಪತ್ರಿಕೆ ಮತ್ತು ಈಟಿವಿಯ ‘ಕ್ರೈಂ ಡೈರಿ’ ಕಾರ್ಯಕ್ರಮ ಈ ನಂಟನ್ನು ಇನ್ನಷ್ಟು ವಿಸ್ತರಿಸಿದವು. ಅವರು 2020ರ ನವೆಂಬರ್‌ನಲ್ಲಿ ನಿಧನರಾದರು.