ಕರಡಿಗೆ ನಿಮ್ಮ ಚಿತ್ರಾನ್ನ ಬೇಡ

ಗೆಳೆಯರ ಜೊತೆ ನಮ್ಮ ತುಮಕೂರು ಜಿಲ್ಲೆಯ ಮಧುಗಿರಿ, ಸಿದ್ದರಬೆಟ್ಟದ ಕಡೆ ಟ್ರೆಕ್ಕಿಂಗ್ ಬಂದು ರಾತ್ರಿ ಬೆಟ್ಟದಲ್ಲೇ ಟೆಂಟ್ ಹಾಕಬೇಕು, ಕರಡಿ ಬರದ ಹಾಗೆ ಊಟವನ್ನು ಮರಕ್ಕೆ ನೇತು ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಅಮೆರಿಕದ ವಿಡಿಯೋ ನೋಡಿರಬೇಕು, ಅಲ್ವಾ? ಅಲ್ಲಿಯ ಕರಡಿಗಳು ಊಟದ ವಾಸನೆ ಹಿಡಿದು ಟೆಂಟಿಗೇ ಬರುತ್ತವೆ. ಅಲ್ಲಿಗೆ ಅದು ಸರಿ.

ನಮ್ಮ ಕಡೆಯ ಕರಡಿ ಬೇರೆ ಜಾತಿ. ಇದಕ್ಕೆ ಬೇಕಿರುವುದು ಗೆದ್ದಲು, ಇರುವೆ, ಜೇನು, ಈಚಲು ಹಣ್ಣು, ಕಾರೆ ಹಣ್ಣು. ಹೊಲದ ಕಳ್ಳೇಕಾಯಿಯನ್ನೂ ಬಿಡುವುದಿಲ್ಲ. ದೇವಸ್ಥಾನಕ್ಕೆ ನುಗ್ಗಿ ದೀಪದ ಎಣ್ಣೆ ಕುಡಿದು ಹೋಗುವುದೂ ಉಂಟು. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅನ್ನುವುದು ನಮ್ಮಲ್ಲಿ ಬರೀ ಮಾತಾಗಿ ಉಳಿದಿಲ್ಲ ನೋಡಿ. ಆದರೆ ಮನುಷ್ಯನ ಮೇಲೆ ಬೀಳುವುದು ಹೆಚ್ಚಾಗಿ ಹಸಿವಿನಿಂದ ಅಲ್ಲ, ಬೆಚ್ಚಿಬಿದ್ದು.

ನಾನು ಸಿದ್ದರಬೆಟ್ಟ ಇರುವ ಕೊರಟಗೆರೆ ತಾಲ್ಲೂಕಿನವನು. ಪಿಯುಸಿ ಓದುವಾಗ ಒಂದು ದಿನ ಬೆಳಗಿನ ಜಾವ ದೊಡ್ಡಪ್ಪನ ಹೊಲಕ್ಕೆ ಅಡ್ಡದಾರಿಯಲ್ಲಿ ಹೊರಟಿದ್ದೆ. ಕಿವಿಗೆ ಇಯರ್‌ಫೋನ್. ಬಂಡೆ ದಾಟಿ ತಿರುಗಿದರೆ ಹುತ್ತದ ಹತ್ತಿರ ಯಾರೋ ಕರಿ ಕಂಬಳಿ ಹೊದ್ದು ಬಗ್ಗಿದ್ದಾರೆ. ಕುರಿ ಕಾಯುವವರು ಅಂದುಕೊಂಡು ಮಾತಾಡಿಸೋಣ ಅಂತ ಇಯರ್‌ಫೋನ್ ಕಿತ್ತೆ. ಉಫ್, ಉಫ್ ಅಂತ ಸದ್ದು. ಹದಿನೈದು ಹೆಜ್ಜೆ ದೂರ ಇತ್ತೇನೋ. ಅದು ತಲೆ ಎತ್ತಲೇ ಇಲ್ಲ. ನಾನು ಹಾಗೇ ಹಿಂದೆ ಹಿಂದೆ ಹೆಜ್ಜೆ ಇಟ್ಟು ಬಂದೆ. ಧೈರ್ಯ ಅಂತ ತಿಳಿಯಬೇಡಿ, ಓಡಲು ಕಾಲೇ ಬರಲಿಲ್ಲ. ದೊಡ್ಡಪ್ಪ ಬೈದದ್ದು ಇನ್ನೂ ನೆನಪಿದೆ: "ಹಾಡು ನಿನಗೆ ಕೇಳಿಸಿ ಏನಾಗಬೇಕು ಕಣೋ, ಅದಕ್ಕೆ ಕೇಳಿಸಬೇಕು!"

ಅವರು ಹೇಳಿದ್ದರಲ್ಲೇ ಎಲ್ಲಾ ಇದೆ. ಕರಡಿಗೆ ಮೂಗು ಬಲು ಚುರುಕು, ಕಣ್ಣು ಕಿವಿ ಅಷ್ಟಕ್ಕಷ್ಟೆ. ಮೇಲಿನ ಮುಂಹಲ್ಲು ಎರಡು ಇರುವುದಿಲ್ಲ. ಆ ಸಂದಿಯಿಂದ ಗೆದ್ದಲನ್ನು ಜೋರಾಗಿ ಹೀರುತ್ತದೆ. ಆ ಸದ್ದು ನೂರು ಮೀಟರ್ ದೂರಕ್ಕೂ ಕೇಳುತ್ತದೆ. ಮೂಗು ಹುತ್ತದೊಳಗೆ, ತನ್ನದೇ ಸದ್ದು ತನಗೆ. ನೀವು ಪಕ್ಕಕ್ಕೆ ಬಂದರೂ ಗೊತ್ತಾಗುವುದಿಲ್ಲ. ಗೊತ್ತಾದಾಗ ನೇರ ಮುಖಕ್ಕೇ ಕೈ ಹಾಕುತ್ತದೆ.

ಅದಕ್ಕೇ ಜೋರಾಗಿ ಮಾತಾಡುತ್ತಾ, ಬಂಡೆಗೆ ಕೋಲು ಬಡಿಯುತ್ತಾ, ಗುಂಪಾಗಿ ನಡೆಯಿರಿ. ಸೂರ್ಯೋದಯ ನೋಡಲು ನಾಲ್ಕಕ್ಕೇ ಹತ್ತುವ ಹುಚ್ಚು ನನಗೆ ಒಂಚೂರೂ ಇಷ್ಟವಿಲ್ಲ. ಅದು ಕರಡಿ ಮೇಯ್ದು ಗವಿಗೆ ವಾಪಸ್ ಬರುವ ಹೊತ್ತು. ಸಂಜೆ ಬೆಳಕಿರುವಾಗಲೇ ಇಳಿದುಬಿಡಿ. ಸಿದ್ದರಬೆಟ್ಟದ ತುಂಬಾ ಗವಿಗಳಿವೆ, ಸುಮ್ನೆ ಟಾರ್ಚ್ ಹಾಕಿ ಇಣುಕಬೇಡಿ. ಚಳಿಗಾಲದಲ್ಲಿ ತಾಯಿ ಕರಡಿ ಗವಿಯಲ್ಲೇ ಮರಿ ಹಾಕುತ್ತದೆ, ಆಮೇಲೆ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಮರಿ ಇರುವ ತಾಯಿಯಷ್ಟು ಅಪಾಯ ಇನ್ನೊಂದಿಲ್ಲ. ಹುತ್ತದ ಪಕ್ಕ ಹಸಿ ಮಣ್ಣು ಕೆದರಿದ್ದರೆ, ಬೀಜ ತುಂಬಿದ ಹಿಕ್ಕೆ ಕಂಡರೆ ಬಂದ ದಾರಿಯಲ್ಲೇ ತಿರುಗಿ.

ಎದುರಿಗೇ ಸಿಕ್ಕರೆ ಓಡಬೇಡಿ, ಕಲ್ಲು ಎಸೆಯಬೇಡಿ, ಮರ ಹತ್ತಬೇಡಿ. ಅದು ನಿಮಗಿಂತ ಚೆನ್ನಾಗಿ ಹತ್ತುತ್ತದೆ. ಮೆಲ್ಲಗೆ ಹಿಂದೆ ಸರಿಯಿರಿ, ಅದಕ್ಕೆ ದಾರಿ ಬಿಡಿ. ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಮುಖ ನೆಲಕ್ಕೆ, ಎರಡೂ ಕೈ ಕತ್ತಿನ ಹಿಂದೆ. ಬ್ಯಾಗ್ ಬೆನ್ನ ಮೇಲೇ ಇರಲಿ. ಅದು ಹೋಗುವ ತನಕ ಏಳಬೇಡಿ. ಆಮೇಲೆ 108ಕ್ಕೆ ಫೋನ್ ಮಾಡಿ. ಗಾಯ ಸಣ್ಣದಾದರೂ ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು ರೇಬಿಸ್ ಲಸಿಕೆ ಹಾಕಿಸಲೇಬೇಕು. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಅರಣ್ಯ ಇಲಾಖೆ ಸಹಾಯವಾಣಿ 1926.

ಇನ್ನು ಟೆಂಟ್. ಮೀಸಲು ಅರಣ್ಯದಲ್ಲಿ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯುವಂತಿಲ್ಲ. ಕೆಳಗೆ ಊರಲ್ಲಿ ಯಾರದ್ದಾದರೂ ತೋಟದಲ್ಲಿ ಕೇಳಿ ಹಾಕಿಕೊಳ್ಳಿ. ಹುತ್ತ, ಈಚಲು ಮರ ಹತ್ತಿರ ಇರಬಾರದು. ರಾತ್ರಿ ಹೊರಗೆ ಹೋಗಬೇಕಾದರೆ ಟಾರ್ಚ್ ಹಿಡಿದು ಇಬ್ಬರು ಹೋಗಿ.

ಚಿತ್ರಾನ್ನವನ್ನು ಮಾತ್ರ ಮರಕ್ಕೆ ಕಟ್ಟಬೇಡಿ. ಬೆಳಗಾದ ಕೂಡಲೇ ನಮ್ಮ ಬೆಟ್ಟದ ಕೋತಿಗಳು ಡಬ್ಬಿಯನ್ನೂ ಉಳಿಸುವುದಿಲ್ಲ.